ಬೇಲಿಯೂ ಬೇಕು, ಬಾಗಿಲೂ ಬೇಕು

ಭಾನುವಾರದ ಬಲಿಪೂಜೆಗೆ ಬರಲಾಗದವರು ಯಾರು ಎಂದು ಕೇಳಿದರೆ ನಮ್ಮ ಮಕ್ಕಳೂ ಹೇಳಬಲ್ಲರು: ಹಾಸಿಗೆ ಹಿಡಿದ ಅಜ್ಜ, ಬಾಣಂತಿ, ಆಸ್ಪತ್ರೆಯಲ್ಲಿ ರೋಗಿಯ ಬಳಿ ಇರುವವರು. 2020ರಲ್ಲಿ ಕೊರೊನಾ ಬಂದಾಗ ನಮಗೆಲ್ಲರಿಗೂ ವಿನಾಯಿತಿ ಸಿಕ್ಕಿತ್ತು. ಆದರೆ 2025ರ ಜುಲೈಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸ್ಯಾನ್ ಬರ್ನಾರ್ಡಿನೊ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷ ಆಲ್ಬರ್ಟೊ ರೋಹಾಸ್ ಅವರು ಕೊಟ್ಟ ವಿನಾಯಿತಿ ಬೇರೆಯೇ ತರಹದ್ದು. ವಲಸೆ ಅಧಿಕಾರಿಗಳು ಹಿಡಿದೊಯ್ದಾರೆಂಬ ಭಯದಿಂದ ಮನೆಬಿಟ್ಟು ಹೊರಬರಲಾಗದವರು ಭಾನುವಾರದ ಪೂಜೆಗೆ ಬಾರದಿದ್ದರೂ ಅದು ಪಾಪವಲ್ಲ ಎಂದು ಅವರು ತಿಳಿಸಿದರು. ಇಗರ್ಜಿ, ಶಾಲೆ, ಆಸ್ಪತ್ರೆಗಳ ಬಳಿ ಇಂಥ ಬಂಧನಗಳನ್ನು ಸಾಮಾನ್ಯವಾಗಿ ಮಾಡಬಾರದು ಎಂದಿದ್ದ ಹಳೆಯ ಸೂಚನೆಯನ್ನು ಅಲ್ಲಿನ ಸರಕಾರ ಆ ವರ್ಷದ ಜನವರಿಯಲ್ಲೇ ಹಿಂತೆಗೆದುಕೊಂಡಿತ್ತು.

ದೂರದ ಅಮೆರಿಕದ ಜಗಳ ನಮಗೇಕೆ ಎಂದು ಕೇಳಬಹುದು. ಕಾಸರಗೋಡಿನ ನಮ್ಮಲ್ಲಿ ಗಲ್ಫಿಗೆ ಯಾರೂ ಹೋಗದ ಮನೆ ಎಷ್ಟಿದೆ? ಪಾಸ್‌ಪೋರ್ಟ್, ವೀಸಾ ಎಂಬ ಮಾತು ನಮ್ಮ ಅಡುಗೆಮನೆಯವರೆಗೂ ಬಂದಿದೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಎರಡೂ ಕಡೆಯ ಮಾತು

ಅಮೆರಿಕ ಮತ್ತು ಮೆಕ್ಸಿಕೊ ನಡುವಿನ ಗಡಿ ಸುಮಾರು 3,100 ಕಿ.ಮೀ. ಉದ್ದ. ಮರುಭೂಮಿ, ನದಿ, ಬೆಟ್ಟ ದಾಟಿ ಬಂದವರು, ವೀಸಾ ಮುಗಿದ ಮೇಲೂ ಅಲ್ಲೇ ಉಳಿದವರು, ಎಲ್ಲ ಸೇರಿ ಸರಿಯಾದ ಕಾಗದಪತ್ರವಿಲ್ಲದೆ ಆ ದೇಶದಲ್ಲಿ ಬದುಕುತ್ತಿರುವವರು ಒಂದು ಕೋಟಿಗೂ ಹೆಚ್ಚು.

ಗಡಿ ಬಿಗಿಯಾಗಲಿ ಎನ್ನುವವರ ವಾದವನ್ನು ಮೊದಲು ಕೇಳೋಣ. ದೇಶ ಎಂದ ಮೇಲೆ ಯಾರು ಬರಬೇಕು, ಎಷ್ಟು ಮಂದಿ ಬರಬೇಕು ಎಂದು ನಿಶ್ಚಯಿಸುವ ಹಕ್ಕು ಅದಕ್ಕೆ ಬೇಡವೇ? 2023ರ ಡಿಸೆಂಬರ್ ಒಂದೇ ತಿಂಗಳಲ್ಲಿ ದಕ್ಷಿಣ ಗಡಿಯಲ್ಲಿ ಸುಮಾರು ಎರಡೂವರೆ ಲಕ್ಷ ಬಾರಿ ಜನರನ್ನು ತಡೆದು ಹಿಡಿಯಲಾಯಿತು. ಇಷ್ಟು ಜನಕ್ಕೆ ಇರಲು ಜಾಗ, ಶಾಲೆ, ಔಷಧಿ ಎಲ್ಲಿಂದ? ನಿಯಮದಂತೆ ವರ್ಷಗಟ್ಟಲೆ ಕಾದವರಿಗೆ ಇದು ಅನ್ಯಾಯವಲ್ಲವೇ? ಹೀಗೆ ಕೇಳುವವರೆಲ್ಲ ಕಲ್ಲೆದೆಯವರು ಎನ್ನುವಂತಿಲ್ಲ. ಅವರಲ್ಲಿ ನಮ್ಮಂತೆ ಭಾನುವಾರ ಪರಮಪ್ರಸಾದ ಸ್ವೀಕರಿಸುವವರೂ ಅನೇಕರಿದ್ದಾರೆ.

ಇನ್ನೊಂದು ಕಡೆಯವರ ಪ್ರಶ್ನೆಯೂ ಗಟ್ಟಿಯಾದದ್ದೇ. ಸಾಲಿನಲ್ಲಿ ನಿಂತು ಬನ್ನಿ ಎನ್ನುತ್ತೀರಿ, ಆ ಸಾಲು ಎಲ್ಲಿದೆ? ಹೆಚ್ಚು ಓದಿಲ್ಲದ ಕೂಲಿಯವರಿಗೆ ಕೆಲಸದ ಆಧಾರದಲ್ಲಿ ಸಿಗುವ ಕಾಯಂ ವಾಸದ ವೀಸಾ ವರ್ಷಕ್ಕೆ ಹೆಚ್ಚೆಂದರೆ 10,000. ಅದೂ ಇಡೀ ಲೋಕಕ್ಕೆ! ಓದಿದವರ ಪಾಡೂ ಸುಲಭವಲ್ಲ. ಯಾವುದೇ ಒಂದು ದೇಶದವರಿಗೆ ಒಟ್ಟು ಪಾಲಿನ ಶೇಕಡಾ 7ಕ್ಕಿಂತ ಹೆಚ್ಚು ಕೊಡುವಂತಿಲ್ಲ ಎಂಬ ನಿಯಮದಿಂದಾಗಿ ಬೆಂಗಳೂರಿನಿಂದ ಹೋದ ಇಂಜಿನಿಯರುಗಳೂ ಗ್ರೀನ್ ಕಾರ್ಡಿಗಾಗಿ ದಶಕಗಟ್ಟಲೆ ಕಾಯುತ್ತಾರೆ. ತಮ್ಮ ಊರಿನಲ್ಲಿ ಜೀವಭಯವಿದೆ, ಆಶ್ರಯ ಕೊಡಿ ಎಂದು ಬೇಡುವವರ ಗತಿಯೂ ಹೀಗೆಯೇ. 2024ರ ಹೊತ್ತಿಗೆ ವಲಸೆ ನ್ಯಾಯಾಲಯಗಳಲ್ಲಿ 30 ಲಕ್ಷಕ್ಕೂ ಹೆಚ್ಚು ಪ್ರಕರಣಗಳು ಬಾಕಿ ಬಿದ್ದಿದ್ದವು.

ಮುಗಿಯದ ಕಥೆ

1986ರಲ್ಲಿ ಅಧ್ಯಕ್ಷ ರೇಗನ್ ಸಹಿ ಮಾಡಿದ ಕಾನೂನಿನಿಂದ ಸುಮಾರು 27 ಲಕ್ಷ ಮಂದಿಗೆ ಸಕ್ರಮ ವಾಸ ಸಿಕ್ಕಿತು. ಕಾಗದವಿಲ್ಲದವರನ್ನು ಕೆಲಸಕ್ಕಿಟ್ಟುಕೊಳ್ಳುವ ಮಾಲೀಕರಿಗೆ ದಂಡ ಎಂದೂ ಅದರಲ್ಲಿತ್ತು. ಆದರೆ ಆ ಭಾಗ ಗಟ್ಟಿಯಾಗಿ ಜಾರಿಯಾಗಲಿಲ್ಲ. ಹೊಲ, ಹೋಟೆಲು, ಕಟ್ಟಡದ ಕೆಲಸಗಳಿಗೆ ಆಳು ಬೇಕೇಬೇಕಿತ್ತು. ಆಳುಗಳು ಬರುತ್ತಲೇ ಇದ್ದರು. 1994ರಲ್ಲಿ ಸ್ಯಾನ್ ಡಿಯೇಗೊ ನಗರದ ಬಳಿ ಕಾವಲು ಬಿಗಿ ಮಾಡಿದರು. ಜನ ನಿಲ್ಲಲಿಲ್ಲ, ಅರಿಜೋನಾದ ಮರುಭೂಮಿಯ ದಾರಿ ಹಿಡಿದರು. ನೀರಿಲ್ಲದೆ ಅಲ್ಲಿ ಸತ್ತವರು ಸಾವಿರಾರು.

2005ರ ಡಿಸೆಂಬರಿನಲ್ಲಿ ಕೆಳಮನೆ ಒಂದು ಮಸೂದೆ ಒಪ್ಪಿತು. ಕಾಗದವಿಲ್ಲದೆ ಇರುವುದೇ ಅಪರಾಧ, ಅಂಥವರಿಗೆ ನೆರವಾಗುವುದೂ ಅಪರಾಧವಾಗಬಹುದು ಎಂಬ ಮಾತು ಅದರಲ್ಲಿತ್ತು. ಹಾಗಾದರೆ ಹಸಿದವನಿಗೆ ಊಟ ಕೊಟ್ಟರೂ ಜೈಲೇ? 2006ರ ತಪಸ್ಸುಕಾಲದ ಆರಂಭದಲ್ಲಿ ಲಾಸ್ ಏಂಜಲೀಸಿನ ಕಾರ್ಡಿನಲ್ ರೋಜರ್ ಮಹೋನಿಯವರು, ಇದು ಕಾನೂನಾದರೆ ಪಾಲಿಸಬೇಡಿ ಎಂದು ನಮ್ಮ ಗುರುಗಳಿಗೆ ಹೇಳುತ್ತೇನೆ ಎಂದರು. ಮಸೂದೆ ಕಾನೂನಾಗಲಿಲ್ಲ. 2013ರಲ್ಲಿ ಮೇಲ್ಮನೆ, ಗಡಿಯನ್ನೂ ಬಿಗಿಗೊಳಿಸಿ ಇರುವವರಿಗೂ ದಾರಿ ತೋರುವ ಮಸೂದೆಯನ್ನು 68-32 ಮತಗಳಿಂದ ಒಪ್ಪಿತು. ಕೆಳಮನೆ ಅದನ್ನು ಮತಕ್ಕೆ ಹಾಕಲೇ ಇಲ್ಲ. 2018ರಲ್ಲಿ ಗಡಿ ದಾಟಿದ ತಂದೆತಾಯಿಯರಿಂದ ಸಾವಿರಾರು ಮಕ್ಕಳನ್ನು ಬೇರ್ಪಡಿಸಿದಾಗ ಮಾತ್ರ ಎರಡೂ ಕಡೆಯ ಜನರಿಗೆ ನೋವಾಯಿತು, ಜೂನ್‌ನಲ್ಲಿ ಸರಕಾರವೇ ಹಿಂದೆ ಸರಿಯಿತು.

ಧರ್ಮಸಭೆ ಹೇಳುವುದೇನು?

ಗಡಿಯೇ ಬೇಡ ಎಂದು ಧರ್ಮಸಭೆ ಹೇಳುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಧರ್ಮಸಭೆಯ ಬೋಧನೆಯಲ್ಲಿ ಎರಡು ಮಾತುಗಳು ಜೊತೆಯಾಗಿವೆ. ಅನುಕೂಲವುಳ್ಳ ದೇಶಗಳು ತಮ್ಮ ಶಕ್ತಿಯಿದ್ದಷ್ಟು ಪರದೇಶಿಯನ್ನು ಸ್ವೀಕರಿಸಬೇಕು. ಸರಕಾರಕ್ಕೆ ಷರತ್ತು ಹಾಕುವ ಹಕ್ಕಿದೆ, ಬಂದವರೂ ಆ ದೇಶದ ಕಾನೂನನ್ನು ಗೌರವಿಸಬೇಕು.

2025ರ ಫೆಬ್ರವರಿ 10ರಂದು, ತಮ್ಮ ಮರಣಕ್ಕೆ ಎರಡು ತಿಂಗಳಿಗೆ ಸ್ವಲ್ಪ ಮುಂಚೆ, ಪೋಪ್ ಫ್ರಾನ್ಸಿಸ್ ಅವರು ಅಮೆರಿಕದ ಧರ್ಮಾಧ್ಯಕ್ಷರಿಗೆ ಬರೆದ ಪತ್ರದಲ್ಲೂ ಇದೇ ತೂಕವಿತ್ತು. ಘೋರ ಅಪರಾಧ ಮಾಡಿದವರಿಂದ ಜನರನ್ನು ಕಾಪಾಡುವ ಹಕ್ಕು ದೇಶಕ್ಕಿದೆ. ಆದರೆ ಬಡತನ, ಹಿಂಸೆಗಳಿಂದ ಓಡಿಬಂದವರನ್ನು ಕಾಗದವಿಲ್ಲ ಎಂಬ ಒಂದೇ ಕಾರಣಕ್ಕೆ ಅಟ್ಟುವುದು ಅವರ ಮಾನವಗೌರವಕ್ಕೆ ಕುಂದು ಎಂಬುದು ಅದರ ಸಾರ. ಅದೇ ನವೆಂಬರಿನಲ್ಲಿ ಬಾಲ್ಟಿಮೋರಿನಲ್ಲಿ ಸೇರಿದ್ದ ಧರ್ಮಾಧ್ಯಕ್ಷರು, ಜನರನ್ನು ವಿವೇಚನೆಯಿಲ್ಲದೆ ಸಾಮೂಹಿಕವಾಗಿ ಹೊರಹಾಕುವುದನ್ನು ವಿರೋಧಿಸಿದರು. ಪರವಾಗಿ 216 ಮತ, ವಿರುದ್ಧ ಬರೀ 5.

ನಮ್ಮವರ ಕೈಗೂ ಕೋಳ

2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು 104 ಭಾರತೀಯರನ್ನು ಅಮೃತಸರಕ್ಕೆ ತಂದು ಇಳಿಸಿತು. ದಾರಿಯುದ್ದಕ್ಕೂ ಅವರ ಕೈಗೆ ಕೋಳ, ಕಾಲಿಗೆ ಸರಪಳಿ ಇತ್ತು. ಇವರಲ್ಲಿ ಹಲವರು ಏಜೆಂಟರ ಮಾತು ನಂಬಿ, ಲಕ್ಷಗಟ್ಟಲೆ ಸಾಲ ಮಾಡಿ ಹೊರಟವರು. ಇದಕ್ಕೂ ಮೊದಲು, 2022ರ ಜನವರಿಯಲ್ಲಿ, ಗುಜರಾತಿನ ಒಂದು ಕುಟುಂಬ ಕೆನಡಾದಿಂದ ಅಮೆರಿಕಕ್ಕೆ ನಡೆದು ಹೋಗುವಾಗ ಹಿಮಗಾಳಿಗೆ ಸಿಲುಕಿತು. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಗಡಿಗೆ ಕೆಲವೇ ಹೆಜ್ಜೆ ದೂರದಲ್ಲಿ ಮರಗಟ್ಟಿ ಸತ್ತರು. ಜನರನ್ನು ಹೀಗೆ ಸಾಗಿಸಿ ಹಣ ಮಾಡುವವರನ್ನು ಹಿಡಿಯುವುದು ಗಡಿ ಕಾಯುವವರ ಕರ್ತವ್ಯವೇ. ಆದರೆ ಮೋಸಹೋದವನಿಗೂ ಮೋಸಮಾಡಿದವನಿಗೂ ಒಂದೇ ಕೋಳ ಸಲ್ಲದು.

ಗಡಿ ಎಂದರೇನು ಎಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. 1956ರ ನವೆಂಬರ್ 1ರಂದು ನಾವು ಯಾರೂ ಮನೆಬಿಟ್ಟು ಕದಲಲಿಲ್ಲ, ಗೆರೆಯೇ ನಮ್ಮನ್ನು ದಾಟಿತು. 2020ರ ಮಾರ್ಚಿನಲ್ಲಿ ಕೊರೊನಾ ಹರಡೀತೆಂದು ತಲಪಾಡಿಯಲ್ಲಿ ರಸ್ತೆ ಮುಚ್ಚಿದರು, ಒಳದಾರಿಗಳಿಗೆ ಮಣ್ಣು ಸುರಿದರು. ನಮ್ಮ ಜಿಲ್ಲೆಯಲ್ಲಿ ಆಗ ರೋಗ ಹೆಚ್ಚಿತ್ತು, ಮುಚ್ಚಲು ಕಾರಣವಿತ್ತು. ಆದರೆ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ರೋಗಿಗಳಿಗೆ ದಾರಿಯಿಲ್ಲವಾಯಿತು, ಹಲವರು ಚಿಕಿತ್ಸೆ ಸಿಗದೆ ತೀರಿಕೊಂಡರು. ವಿಷಯ ನ್ಯಾಯಾಲಯಕ್ಕೆ ಹೋದ ಮೇಲೆ ತುರ್ತು ರೋಗಿಗಳಿಗೆ ದಾರಿ ತೆರೆಯಿತು. ಆಗ ನಾವು ಕೇಳಿದ್ದು ಗಡಿಯನ್ನೇ ಅಳಿಸಿ ಎಂದಲ್ಲ, ಸಾಯುತ್ತಿರುವವನಿಗೆ ಒಂದು ಬಾಗಿಲು ಬಿಡಿ ಎಂದು. ಅಡಿಕೆ ತೋಟಕ್ಕೆ ಬೇಲಿ ಹಾಕುವ ನಾವು ಅದರಲ್ಲೊಂದು ಗೇಟನ್ನೂ ಇಡುತ್ತೇವೆ, ಅಲ್ಲವೇ?

ಗಲ್ಫಿನಲ್ಲಿ ವೀಸಾ ಮುಗಿದ ಮೇಲೂ ಹೆದರಿ ಹೆದರಿ ದುಡಿದವರು ನಮ್ಮ ಕುಟುಂಬಗಳಲ್ಲೂ ಇದ್ದಾರೆ. 2024ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಯುಎಇ ಸರಕಾರ ಕ್ಷಮಾದಾನ ಕೊಟ್ಟು, ದಂಡವಿಲ್ಲದೆ ಊರಿಗೆ ಮರಳಲು ಅಥವಾ ಕಾಗದ ಸರಿಮಾಡಿಕೊಳ್ಳಲು ಬಿಟ್ಟಾಗ ನಾವು ದೇವರಿಗೆ ವಂದಿಸಿದೆವು. ನಮ್ಮ ಮಗನಿಗೆ ಬೇಡಿದ ಕರುಣೆಯನ್ನು ಬೇರೆಯವರ ಮಗನಿಗೆ ಬೇಡವೆನ್ನಲು ನಮಗೆ ಬಾಯಿ ಬಂದೀತೇ? ಹೆರೋದನಿಗೆ ಹೆದರಿ ರಾತ್ರೋರಾತ್ರಿ ಈಜಿಪ್ಟಿಗೆ ಹೊರಟ ಜೋಸೆಫ್, ಮರಿಯಮ್ಮನವರನ್ನು ನೆನೆಯುವ ನಾವು ಇದನ್ನು ಮರೆಯುವಂತಿಲ್ಲ.

ಅಮೆರಿಕದ ಕಾನೂನನ್ನು ನಾವು ತಿದ್ದಲಾರೆವು. ಆದರೆ ಹೊರಡುವ ನಮ್ಮ ಯುವಜನರ ಕಾಗದಪತ್ರಗಳನ್ನು ತಿಳಿದವರಿಗೆ ತೋರಿಸಿ, ಸರಕಾರದಲ್ಲಿ ನೋಂದಾಯಿಸಿದ ಏಜೆಂಟರನ್ನೇ ಹಿಡಿಯುವಂತೆ ನೋಡಿಕೊಳ್ಳಬಹುದು. ಇನ್ನೂ ಒಂದು ಕೆಲಸವಿದೆ. ಒಡಿಶಾ, ಜಾರ್ಖಂಡಗಳಿಂದ ಕೆಲಸಕ್ಕೆ ಬಂದ ಹುಡುಗರು ನಮ್ಮ ಇಗರ್ಜಿಯ ಕೊನೆಯ ಬೆಂಚಿನಲ್ಲಿ ಕೂತು, ಪೂಜೆ ಮುಗಿದೊಡನೆ ಹೊರಟುಬಿಡುತ್ತಾರೆ. ಅವರು ನಮ್ಮ ದೇಶದವರೇ, ಅವರಿಗೆ ವೀಸಾ ಬೇಡ. ಆದರೂ ಅವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಮುಂದಿನ ಭಾನುವಾರ ಕೇಳೋಣ.