ಮನೆಯೊಳಗಣ ನಿಸ್ತಂತು ಬಳಗ

ಅರಸೀಕೆರೆಯ ಸೀಮೆಯಲ್ಲಿ ನೀರಿನ ಬೆಲೆಯನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮಳೆ ಕಡಿಮೆ, ತೆಂಗಿನ ತೋಟಗಳು ಹೆಚ್ಚು, ಬಹುಮಂದಿಗೆ ಕೊಳವೆ ಬಾವಿಯೇ ಆಧಾರ. ಇಂಥ ಊರಿನಲ್ಲಿ, ನನ್ನ ಸೋದರಮಾವನವರ ಮನೆಯಲ್ಲಿ, ಬೇಸಗೆಯ ಒಂದು ರಾತ್ರಿ ತಾರಸಿಯ ಮೇಲಣ ತೊಟ್ಟಿ ತುಂಬಿ ತುಳುಕಿತು. ನಡುರಾತ್ರಿ ಕರೆಂಟು ಹೋಗುವವರೆಗೂ ನೀರು ಬೀದಿಯ ಚರಂಡಿಗೆ ಹರಿಯಿತು. ತೊಟ್ಟಿ ತುಂಬಿದೊಡನೆ ಮೋಟಾರನ್ನು ನಿಲ್ಲಿಸುವ ಏರ್ಪಾಡು ಆ ಮನೆಯಲ್ಲಿ ಇಲ್ಲದೆ ಇರಲಿಲ್ಲ. ವಯಸ್ಸಾದ ಮಾವನವರು ಮೆಟ್ಟಿಲು ಹತ್ತಿ ನೋಡುವ ಕಷ್ಟ ತಪ್ಪಲೆಂದು ನಾನೇ ಮುಂದೆ ನಿಂತು ಅದನ್ನು ಕೂಡಿಸಿದ್ದೆ.

ಮಾರನೆಯ ದಿನ ಹೋಗಿ ನೋಡಿದರೆ ಎಲ್ಲವೂ ಸರಿಯಾಗಿದ್ದಂತೆ ತೋರಿತು. ಮೋಟಾರಿನ ಸ್ವಿಚ್ಚು ಸರಿ, ತೊಟ್ಟಿಯ ಸಂವೇದಕ ಸರಿ, ಅದರ ಬ್ಯಾಟರಿಯೂ ಸರಿ.

"ಮಾವ, ನಿನ್ನೆ ಮನೆಯಲ್ಲಿ ಏನನ್ನಾದರೂ ಬದಲಾಯಿಸಿದಿರಾ?" ಎಂದು ಕೇಳಿದೆ.

"ಏನೂ ಇಲ್ಲವಲ್ಲಪ್ಪ. ಮೆಟ್ಟಿಲ ಹತ್ತಿರ ಇದ್ದ ರಾತ್ರಿದೀಪವನ್ನು ಪ್ಲಗ್ಗಿನ ಸಮೇತ ಕಿತ್ತು ದೇವರ ಮನೆಯಲ್ಲಿ ಹಾಕಿದೆ, ಅಷ್ಟೆ" ಎಂದರು.

ಕಾರಣ ಆ ದೀಪದಲ್ಲಿಯೇ ಇತ್ತು. ಕೆಳಗೆ ಒಂದು ದೀಪವನ್ನು ಸ್ಥಳಾಂತರಿಸಿದರೆ ಮೇಲೆ ನೀರೇಕೆ ತುಳುಕಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟರೆ, ಇಂದು 'ಸ್ಮಾರ್ಟ್ ಹೋಮ್' ಎಂದು ಕರೆಯಲ್ಪಡುವ ಏರ್ಪಾಡಿನ ಮರ್ಮವೆಲ್ಲ ನಮಗೆ ತಿಳಿದುಬರುವುದು.

ಬಡ ಪ್ರೇಷಕಗಳು

ಇಂಥ ಮನೆಯಲ್ಲಿ ದೀಪ, ಸ್ವಿಚ್ಚು, ಬಾಗಿಲ ಬೀಗ, ನೀರಿನ ಸಂವೇದಕ ಮೊದಲಾದ ಪ್ರತಿಯೊಂದು ಉಪಕರಣದಲ್ಲಿಯೂ ಒಂದು ಪುಟ್ಟ ರೇಡಿಯೋ ಅಡಗಿರುತ್ತದೆ. ಇವೆಲ್ಲವುಗಳ ಸುದ್ದಿಯನ್ನು ಕೇಳಿ, ಏನು ಮಾಡಬೇಕೆಂದು ಆಜ್ಞೆ ಕೊಡುವ ಪೆಟ್ಟಿಗೆಗೆ ನಿಯಂತ್ರಕವೆಂದು ಹೆಸರು. ತೋಟದ ಪಂಪನ್ನು ಮೊಬೈಲ್ ಫೋನಿನಿಂದ ನಡೆಸುವ ಸ್ಟಾರ್ಟರುಗಳನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಅವುಗಳಿಗೆ ದೂರದ ಗೋಪುರವೇ ಆಸರೆ. ಮನೆಯೊಳಗಣ ಬಳಗಕ್ಕಾದರೋ ಗೋಪುರವಿಲ್ಲ. ಅದರ ಉಪಕರಣಗಳೇ ಒಂದಕ್ಕೊಂದು ಗೋಪುರಗಳಾಗಬೇಕು.

ಏಕೆಂದರೆ ಈ ರೇಡಿಯೋಗಳು ಬಹು ಬಡವು. ೧೯೩೫ರಲ್ಲಿ ಮೈಸೂರಿನ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದಾಗ ಅವರ ಪ್ರೇಷಕದ ಸಾಮರ್ಥ್ಯ ೩೦ ವಾಟ್ ಇತ್ತು. ಅದೇ ಬಹಳ ಚಿಕ್ಕದು. ನಮ್ಮ ಸಂವೇದಕದ ಸಾಮರ್ಥ್ಯವೋ ಒಂದರಿಂದ ಕೆಲವು ಮಿಲಿವಾಟ್ ಮಾತ್ರ. ಒಂದು ಮಿಲಿವಾಟ್ ಎಂದರೆ ಗೋಪಾಲಸ್ವಾಮಿಯವರ ಪ್ರೇಷಕದ ೩೦,೦೦೦ದಲ್ಲಿ ಒಂದಂಶ. ಬಡತನಕ್ಕೆ ಕಾರಣವೂ ಉಂಟು: ಬ್ಯಾಟರಿ ಬಾಳಬೇಕು, ನೆರೆಮನೆಯವರ ಉಪಕರಣಗಳಿಗೂ ಅಡ್ಡಿಯಾಗಬಾರದು. ಭಾರತದಲ್ಲಿ ಇಂಥ ಅಲ್ಪಶಕ್ತಿಯ ಉಪಕರಣಗಳನ್ನು ಲೈಸೆನ್ಸಿಲ್ಲದೆ ಬಳಸಲು ೮೬೫ರಿಂದ ೮೬೭ ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನೂ ೨.೪ ಗಿಗಾಹರ್ಟ್ಸ್‌ನ ಪಟ್ಟಿಯನ್ನೂ ೨೦೦೫ರಲ್ಲಿ ತೆರವು ಮಾಡಲಾಯಿತು. ಝಡ್-ವೇವ್ ಎಂಬ ಪದ್ಧತಿ ನಮ್ಮಲ್ಲಿ ಮೊದಲನೆಯ ಪಟ್ಟಿಯನ್ನು ಬಳಸುತ್ತದೆ. ಜಿಗ್‌ಬೀ ಎಂಬುದು ಸಾಮಾನ್ಯವಾಗಿ ಎರಡನೆಯದನ್ನು. ಬೆಳಕಿನ ವೇಗವನ್ನು ಆವರ್ತಾಂಕದಿಂದ ಭಾಗಿಸಿದರೆ ತರಂಗದ ಉದ್ದ ದೊರೆಯುತ್ತದಷ್ಟೆ: ಮೊದಲನೆಯದಕ್ಕೆ ಸುಮಾರು ೩೫ ಸೆಂಟಿಮೀಟರ್, ಎರಡನೆಯದಕ್ಕೆ ಸುಮಾರು ೧೨.೫ ಸೆಂಟಿಮೀಟರ್.

ಬಯಲಿನಲ್ಲಿ ದೂರ ಎರಡರಷ್ಟಾದರೆ ತಲಪುವ ಶಕ್ತಿ ನಾಲ್ಕನೆಯ ಒಂದಂಶಕ್ಕೆ ಇಳಿಯುತ್ತದೆ. ಮನೆಯೊಳಗೆ ಸ್ಥಿತಿ ಇನ್ನೂ ಕಠಿಣ. ತಾರಸಿಯ ಕಾಂಕ್ರೀಟಿನಲ್ಲಿರುವ ಉಕ್ಕಿನ ಸರಳುಗಳು ತರಂಗಗಳನ್ನು ಹಿಂದಕ್ಕೆ ತಳ್ಳುತ್ತವೆ. ನೀರು ಅವುಗಳನ್ನು ಹೀರುತ್ತದೆ. ಆದುದರಿಂದ ತುಂಬಿದ ತೊಟ್ಟಿಯೇ ಒಂದು ಗೋಡೆ. ಬೇಲೂರು ಹಳೇಬೀಡುಗಳ ಕಡೆ ದಪ್ಪ ಮಣ್ಣಿನ ಗೋಡೆಗಳ ಹಳೆಯ ಮನೆಗಳಲ್ಲಿ, ಮಳೆಗಾಲದಲ್ಲಿ ತೇವ ಹೀರಿದ ಗೋಡೆಯ ಆಚೆಗೆ ಸಂದೇಶ ದಾಟುವುದು ಬೇಸಗೆಯಲ್ಲಿ ದಾಟುವುದಕ್ಕಿಂತ ಕಷ್ಟ.

ವಾಚಕರು ಇದನ್ನು ತಾವೇ ಪರೀಕ್ಷಿಸಬಹುದು. ಮೊಬೈಲ್ ಫೋನಿನಿಂದ ಬ್ಲೂಟೂತ್ ಸ್ಪೀಕರಿಗೆ ಹಾಡು ಬರುತ್ತಿರುವಾಗ ಫೋನನ್ನು ಉಕ್ಕಿನ ಡಬ್ಬದಲ್ಲಿಟ್ಟು ಮುಚ್ಚಳ ಹಾಕಿ, ಸ್ಪೀಕರನ್ನು ಹಿಡಿದು ನಿಧಾನವಾಗಿ ದೂರ ನಡೆಯಿರಿ. ಹಾಡು ಕೆಲವೇ ಹೆಜ್ಜೆಗಳಲ್ಲಿ ತುಂಡಾಗತೊಡಗುತ್ತದೆ. ಡಬ್ಬವಿಲ್ಲದೆ ನಡೆದರೆ ಎಷ್ಟು ದೂರ ಬರುತ್ತದೆಂಬುದನ್ನೂ ಅಳೆದು ಹೋಲಿಸಿರಿ.

ಕೈಯಿಂದ ಕೈಗೆ

ಹೀಗಾದರೆ ತಾರಸಿಯ ಮೇಲಣ ಸಂವೇದಕದ ಮಾತು ನಡುಮನೆಯ ನಿಯಂತ್ರಕವನ್ನು ತಲಪುವುದು ಹೇಗೆ? ತಾರಸಿ ಹಾಕುವಾಗ ಗಾರೆಯ ಬಾಣಲಿಯನ್ನು ಕೆಲಸದವರು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುವುದನ್ನು ನೀವು ನೋಡಿದ್ದೀರಿ. ಇಲ್ಲಿಯೂ ಅದೇ ಉಪಾಯ. ಸಂವೇದಕ ಹತ್ತಿರದ ಉಪಕರಣಕ್ಕೆ ಹೇಳುತ್ತದೆ, ಅದು ಮುಂದಿನದಕ್ಕೆ, ಕೊನೆಯದು ನಿಯಂತ್ರಕಕ್ಕೆ. ಇಂಥ ಜೋಡಣೆಗೆ ಮೆಶ್, ಎಂದರೆ ಬಲೆ, ಎಂದು ಹೆಸರು. ಝಡ್-ವೇವ್ ಬಲೆಯಲ್ಲಿ ಒಟ್ಟು ೨೩೨ ಘಟಕಗಳವರೆಗೆ ಇರಬಹುದು. ಒಂದು ಸಂದೇಶವನ್ನು ನಡುವೆ ನಾಲ್ಕು ಘಟಕಗಳವರೆಗೆ ದಾಟಿಸಬಹುದು.

ಎಲ್ಲ ಘಟಕಗಳೂ ಈ ದಾಟಿಸುವ ಕೆಲಸವನ್ನು ಮಾಡಲಾರವು. ಇದಕ್ಕೆ ಕಾರಣವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ನಾಣ್ಯದಂಥ ಒಂದು ಬ್ಯಾಟರಿಯಲ್ಲಿ ಸುಮಾರು ೨೨೦ ಮಿಲಿಆಂಪಿಯರ್-ಗಂಟೆಗಳಷ್ಟು ವಿದ್ಯುತ್ತು ಇರುತ್ತದೆ. ರೇಡಿಯೋ ಸದಾ ಕಿವಿಗೊಟ್ಟು ಕುಳಿತರೆ ಸುಮಾರು ೨೦ ಮಿಲಿಆಂಪಿಯರ್ ಬೇಕೆಂದು ಇಟ್ಟುಕೊಳ್ಳೋಣ. ಆಗ ಬ್ಯಾಟರಿ ೧೧ ಗಂಟೆಗಳಲ್ಲಿ ಬರಿದಾಗುವುದು. ಅದೇ ಉಪಕರಣ ನಿದ್ರಿಸುವಾಗ ೨ ಮೈಕ್ರೋಆಂಪಿಯರ್ ಸಾಕು. ಆ ಲೆಕ್ಕದಂತೆ ೧,೧೦,೦೦೦ ಗಂಟೆ, ಎಂದರೆ ಹನ್ನೆರಡು ವರ್ಷಗಳಿಗೂ ಮೇಲೆ! ಆದ್ದರಿಂದ ಬ್ಯಾಟರಿಯ ಘಟಕ ಸದಾ ನಿದ್ರಿಸುತ್ತದೆ. ಆಗಾಗ ಎದ್ದು ತನ್ನ ಮಾತನ್ನು ಹೇಳಿ ಮತ್ತೆ ಮಲಗುತ್ತದೆ. ಪರರ ಮಾತನ್ನು ದಾಟಿಸುವ ಹೊಣೆಯನ್ನು ಗೋಡೆಯ ವಿದ್ಯುತ್ತಿನಿಂದ ನಡೆಯುವ ಪ್ಲಗ್ಗು, ಸ್ವಿಚ್ಚುಗಳೇ ಹೊರಬೇಕು.

ಮಾವನವರ ಮನೆಯ ಒಗಟು ಈಗ ಬಿಡಿಸಿತು. ಮೆಟ್ಟಿಲ ಬಳಿಯ ರಾತ್ರಿದೀಪವನ್ನು ಸಿಕ್ಕಿಸಿದ್ದ ಪ್ಲಗ್ಗೇ ತಾರಸಿಗೂ ನಡುಮನೆಗೂ ನಡುವೆ ನಿಂತಿದ್ದ ಆಳು. ತಾರಸಿಯ ಬಾಗಿಲಿನ ಮೂಲಕ ಬರುವ ಸಂದೇಶವನ್ನು ಅದು ಕೆಳಕ್ಕೆ ದಾಟಿಸುತ್ತಿತ್ತು. ಅದು ದೇವರ ಮನೆಗೆ ಹೋದಾಗ ಸಾಲು ತುಂಡಾಯಿತು. ಬದಲು ದಾರಿ ಇರಲಿಲ್ಲ. ಪ್ಲಗ್ಗು ಹೊಸ ಜಾಗದಲ್ಲಿಯೂ ಚೆನ್ನಾಗಿಯೇ ಬದುಕಿದ್ದುದರಿಂದ ನಿಯಂತ್ರಕಕ್ಕೆ ಯಾವ ಕೊರತೆಯೂ ಕಾಣಲಿಲ್ಲ.

ಸೇರಿಸುವುದು, ಬಿಡಿಸುವುದು

ಇಂಥ ಬಳಗವನ್ನು ಕ್ರಮವಾಗಿ ನಡೆಸಬೇಕಾದರೆ ಕೆಲವು ನಿಯಮಗಳನ್ನು ಅರಿತಿರಬೇಕು. ಹೊಸ ಉಪಕರಣವನ್ನು ಮೊದಲು ಬಳಗಕ್ಕೆ ಸೇರಿಸಬೇಕು. ಝಡ್-ವೇವ್ ಪದ್ಧತಿಯಲ್ಲಿ ಪ್ರತಿ ನಿಯಂತ್ರಕಕ್ಕೂ ೩೨ ಬಿಟ್‌ಗಳ ಒಂದು ಮನೆಸಂಖ್ಯೆ ಉಂಟು. ಇಂಥ ಸಂಖ್ಯೆಗಳು ೪೨೯ ಕೋಟಿಗೂ ಹೆಚ್ಚು ಸಾಧ್ಯವಾದುದರಿಂದ ನೆರೆಮನೆಯ ಸಂಖ್ಯೆಯೊಡನೆ ಗೊಂದಲವಾಗುವ ಭಯವಿಲ್ಲ. ಸೇರುವ ಘಟಕ ಈ ಮನೆಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಂಡು, ತನ್ನದೇ ಆದ ಕ್ರಮಸಂಖ್ಯೆಯನ್ನು ಪಡೆಯುತ್ತದೆ. ಆಗಲೇ ತನಗೆ ಯಾರು ಯಾರು ಕೇಳಿಸುತ್ತಾರೆಂದು ನೆರೆಹೊರೆಯ ಗಣತಿಯನ್ನೂ ಮಾಡುತ್ತದೆ. ಆದುದರಿಂದ ಉಪಕರಣವನ್ನು ಅದು ಕೊನೆಗೆ ಇರಬೇಕಾದ ಸ್ಥಳದಲ್ಲಿಯೇ ಸೇರಿಸುವುದು ಮೇಲು. ಮುಂದೆ ಸ್ಥಳಾಂತರಿಸಿದರೆ ಗಣತಿಯನ್ನು ಮತ್ತೆ ಮಾಡಿಸಬೇಕು. ಅದರ ನೆರವಿನಿಂದ ಮಾತಾಡುತ್ತಿದ್ದವರು ಯಾರೆಂದೂ ವಿಚಾರಿಸಬೇಕು.

ಉಪಕರಣವನ್ನು ತೆಗೆಯುವಾಗ ಸುಮ್ಮನೆ ಕಿತ್ತುಹಾಕದೆ ಕ್ರಮವಾಗಿ ಬಿಡಿಸಬೇಕು. ಬಿಡಿಸದೆ ಪರರಿಗೆ ಕೊಟ್ಟ ಪ್ಲಗ್ಗು ಹಳೆಯ ಮನೆಸಂಖ್ಯೆಯನ್ನೇ ನೆನೆಯುತ್ತ ಹೊಸ ಮನೆಯ ಬಳಗಕ್ಕೆ ಸೇರಲೊಲ್ಲದು. ಇತ್ತ ಹಳೆಯ ನಿಯಂತ್ರಕದ ಪಟ್ಟಿಯಲ್ಲಿ ಅದರ ಹೆಸರು ಹಾಗೆಯೇ ಉಳಿಯುವುದು. ಎಲ್ಲ ದೀಪಗಳನ್ನೂ ಆರಿಸೆಂದು ನೀವು ಆಜ್ಞೆ ಕೊಟ್ಟಾಗ ನಿಯಂತ್ರಕ ಆ ಇಲ್ಲದ ಘಟಕವನ್ನೂ ಕರೆಯುತ್ತದೆ, ಉತ್ತರಕ್ಕಾಗಿ ಕಾಯುತ್ತದೆ, ಬೇರೆ ದಾರಿಯಿಂದ ಮತ್ತೆ ಕರೆಯುತ್ತದೆ. ಒಂದು ಸಮಯದಲ್ಲಿ ಒಬ್ಬರೇ ಮಾತಾಡಬಹುದಾದ ಬಳಗದಲ್ಲಿ ಉಳಿದವರೆಲ್ಲ ಅಷ್ಟು ಹೊತ್ತು ತಡೆದು ನಿಲ್ಲಬೇಕು. ಇಂಥ ಸತ್ತ ಘಟಕಗಳು ನಾಲ್ಕಾರು ಕೂಡಿದರೆ ಸ್ವಿಚ್ಚು ಒತ್ತಿದ ಎಷ್ಟೋ ಹೊತ್ತಿನ ಮೇಲೆ ದೀಪ ಹೊತ್ತುವುದು. ನಿಜವಾಗಿಯೂ ಕೆಟ್ಟುಹೋದ ಘಟಕವೆಂದು ಖಚಿತವಾದ ಮೇಲೆ ಅದನ್ನು ಪಟ್ಟಿಯಿಂದ ತೆಗೆದುಹಾಕಬೇಕು.

ಹೊರದೇಶದಲ್ಲಿರುವ ಮಕ್ಕಳು ರಜೆಗೆ ಬರುವಾಗ ಇಂಥ ಉಪಕರಣಗಳನ್ನು ತರುವುದುಂಟು. ಅಮೆರಿಕದ ಝಡ್-ವೇವ್ ಉಪಕರಣ ೯೦೮.೪ ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತದೆ. ನಮ್ಮ ದೇಶಕ್ಕೆ ಮಾಡಿದ ನಿಯಂತ್ರಕಕ್ಕೆ ಅದು ಕೇಳಿಸುವುದೇ ಇಲ್ಲ. ಮೇಲಾಗಿ ಆ ಆವರ್ತಾಂಕ ನಮ್ಮಲ್ಲಿ ಮೊಬೈಲ್ ಫೋನುಗಳಿಗೆ ಮೀಸಲಾದ ಪಟ್ಟಿಯೊಳಗೆ ಬೀಳುವುದರಿಂದ ಅದನ್ನು ಬಳಸುವುದು ನ್ಯಾಯವೂ ಅಲ್ಲ. ಬಾಗಿಲ ಬೀಗವನ್ನು ಸೇರಿಸುವಾಗ ಸಂದೇಶಗಳನ್ನು ಗುಪ್ತಲಿಪಿಗೆ ತಿರುಗಿಸುವ ರಕ್ಷಿತ ಕ್ರಮದಲ್ಲಿಯೇ ಸೇರಿಸಬೇಕೆಂಬುದನ್ನೂ, ಸೇರಿಸುವ ಕೆಲಸ ಮುಗಿದೊಡನೆ ನಿಯಂತ್ರಕದ ಆ ಬಾಗಿಲನ್ನು ಮುಚ್ಚಬೇಕೆಂಬುದನ್ನೂ ಮರೆಯಬಾರದು.

ಮೌನಕ್ಕೆ ಅರ್ಥವೇನು?

ಇಷ್ಟೆಲ್ಲ ಮಾಡಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಅಂದು ರಾತ್ರಿ ಸಂವೇದಕ ತೊಟ್ಟಿ ತುಂಬಿತೆಂದು ಕೂಗಿಯೇ ಇತ್ತು. ಈ ಪದ್ಧತಿಯಲ್ಲಿ ಪ್ರತಿ ಸಂದೇಶಕ್ಕೂ 'ತಲಪಿತು' ಎಂಬ ಮರುಮಾತು ಬರಬೇಕು. ಬರಲಿಲ್ಲ. ಸಂವೇದಕ ಕೆಲವು ಸಲ ಮತ್ತೆ ಕೂಗಿ, ಬ್ಯಾಟರಿಯನ್ನು ಉಳಿಸಲು ಮಲಗಿತು. ತಪ್ಪಾಗಿದೆಯೆಂದು ಬಲ್ಲ ಘಟಕಕ್ಕೆ ಅದನ್ನು ತಿಳಿಸುವ ದಾರಿಯಿರಲಿಲ್ಲ. ಮೋಟಾರನ್ನು ನಿಲ್ಲಿಸಬಲ್ಲ ನಿಯಂತ್ರಕಕ್ಕೆ ತಪ್ಪಾಗಿದೆಯೆಂಬ ಅರಿವಿರಲಿಲ್ಲ. ನಿದ್ರಿಸುತ್ತಿರುವ ಘಟಕದ ಮೌನಕ್ಕೂ, ಸತ್ತ ಘಟಕದ ಮೌನಕ್ಕೂ, ದಾರಿ ತಪ್ಪಿದ ಘಟಕದ ಮೌನಕ್ಕೂ ಕೇಳುವವನಿಗೆ ಭೇದವೇ ಇಲ್ಲ.

ಇದಕ್ಕೆ ಪರಿಹಾರವನ್ನು ಅರಸೀಕೆರೆಯಲ್ಲಿಯೇ ಕಾಣಬಹುದು. ಬೆಂಗಳೂರು, ಹುಬ್ಬಳ್ಳಿ, ಮೈಸೂರುಗಳ ಕಡೆಯ ರೈಲುದಾರಿಗಳು ಕೂಡುವ ಜಂಕ್ಷನ್ನು ಅದು. ಒಂಟಿ ಹಳಿಯ ದಾರಿಗಳಲ್ಲಿ ಹಿಂದೆ ಸ್ಟೇಷನ್ ಮಾಸ್ತರರು ಮುಂದಿನ ನಿಲ್ದಾಣವನ್ನು ತಂತಿಯ ಮೂಲಕ 'ಲೈನ್ ಕ್ಲಿಯರ್' ಕೇಳುತ್ತಿದ್ದರು. ಒಪ್ಪಿಗೆ ಬಂದ ಮೇಲೆಯೇ ಟೋಕನ್ನು ಚಾಲಕನ ಕೈಸೇರುತ್ತಿತ್ತು. ಟೋಕನ್ನಿಲ್ಲದೆ ಗಾಡಿ ಹೊರಡುತ್ತಿರಲಿಲ್ಲ. ತಂತಿ ಕಡಿದು ಉತ್ತರವೇ ಬಾರದಿದ್ದರೆ? ಗಾಡಿ ನಿಂತೇ ಇರುತ್ತಿತ್ತು. ಅಲ್ಲಿ ಮೌನಕ್ಕೆ 'ನಿಲ್ಲು' ಎಂದು ಅರ್ಥ. ನಾನು ಮಾವನವರ ಮನೆಯಲ್ಲಿ ಬರೆದಿಟ್ಟಿದ್ದ ನಿಯಮದಲ್ಲಿಯೋ, 'ತುಂಬಿತು' ಎಂಬ ಮಾತು ಕೇಳಿದರೆ ಮಾತ್ರ ಮೋಟಾರು ನಿಲ್ಲಬೇಕಿತ್ತು. ಎಂದರೆ ಮೌನಕ್ಕೆ 'ನಡೆ' ಎಂಬ ಅರ್ಥವನ್ನು ನಾನೇ ಕೊಟ್ಟಿದ್ದೆ. ತಪ್ಪು ದೀಪವನ್ನು ಕಿತ್ತ ಮಾವನವರದಲ್ಲ; ನನ್ನದು.

ಆ ನಿಯಮವನ್ನು ತಿರುಗಿಸಿ ಬರೆದೆ. ಸಂವೇದಕ ಈಗ ಹತ್ತು ನಿಮಿಷಗಳಿಗೊಮ್ಮೆ ಎದ್ದು ತೊಟ್ಟಿಯ ಮಟ್ಟವನ್ನು ಹೇಳುತ್ತದೆ. ಎರಡು ಸಲ ಅದರ ಮಾತು ಕೇಳಿಸದಿದ್ದರೆ ನಿಯಂತ್ರಕ ಮೋಟಾರನ್ನು ನಿಲ್ಲಿಸಿ ಗಂಟೆ ಬಾರಿಸುತ್ತದೆ. ಬ್ಯಾಟರಿ ಬೇಗ ತೀರುವುದೆಂದು ಹೆದರಬೇಕಾಗಿಲ್ಲ. ದಿನಕ್ಕೆ ೧೪೪ ಬಾರಿ, ಪ್ರತಿಸಲ ಸೆಕೆಂಡಿನ ಹತ್ತನೆಯ ಒಂದಂಶ ಮಾತಾಡಿದರೂ ಒಟ್ಟು ಎಚ್ಚರ ದಿನಕ್ಕೆ ೧೫ ಸೆಕೆಂಡುಗಳನ್ನು ಮುಟ್ಟುವುದಿಲ್ಲ. ನಿಯಂತ್ರಕವೇ ಕೆಟ್ಟರೂ ನೀರು ಉಳಿಯಲೆಂದು ಮೋಟಾರಿನ ಸ್ವಿಚ್ಚಿನಲ್ಲಿಯೇ ನಲವತ್ತೈದು ನಿಮಿಷಗಳ ಗಡುವನ್ನೂ ಇಟ್ಟಿದ್ದೇನೆ. ಮೆಟ್ಟಿಲ ಬಳಿ ಒಂದರ ಬದಲು ಎರಡು ಪ್ಲಗ್ಗುಗಳಿವೆ. ಒಂದು ಹೋದರೆ ಇನ್ನೊಂದು ದಾಟಿಸುತ್ತದೆ.

ಇವುಗಳ ಜೊತೆಗೆ ಒಂದು ನೋಟುಪುಸ್ತಕವನ್ನೂ ಇಟ್ಟಿದ್ದೇವೆ. ಪ್ರತಿ ಘಟಕದ ಸಂಖ್ಯೆ, ಅದು ಇರುವ ಸ್ಥಳ, ಬ್ಯಾಟರಿ ಹಾಕಿದ ದಿನ, ಯಾರ ಮಾತನ್ನು ಅದು ದಾಟಿಸುತ್ತದೆ ಎಂಬ ವಿವರಗಳೆಲ್ಲ ಅದರಲ್ಲಿವೆ. ತಿಂಗಳಿಗೊಮ್ಮೆ ಮಾವನವರು ತಾವೇ ಒಂದು ಪರೀಕ್ಷೆ ಮಾಡುತ್ತಾರೆ: ಮೋಟಾರು ನಡೆಯುತ್ತಿರುವಾಗ ಸಂವೇದಕದ ಬ್ಯಾಟರಿಯನ್ನು ತೆಗೆದು, ಜಗುಲಿಯ ಮೇಲೆ ಕುಳಿತು ಗಡಿಯಾರವನ್ನು ನೋಡುತ್ತಾರೆ. ಇಪ್ಪತ್ತು ನಿಮಿಷಗಳಲ್ಲಿ ಮೋಟಾರು ನಿಂತು ಗಂಟೆ ಬಾರಿಸಿತೆಂದರೆ ಬ್ಯಾಟರಿಯನ್ನು ಹಾಕಿ, ದಿನಾಂಕ ಬರೆದು, ಪುಸ್ತಕವನ್ನು ಮತ್ತೆ ಮೊಳೆಗೆ ತೂಗುಹಾಕುತ್ತಾರೆ.