ಹಳೆಯ ಪೇಟಿಗೆ ನ್ಯಾಯವಾದ ಬೆಲೆ ಎಷ್ಟು?

ಮಕ್ಕಳಿಗೆ ಸಂಗೀತ ಕಲಿಸಬೇಕೆಂದು ಪಾಶ್ಚಾತ್ಯ ದೇಶಗಳ ಮಧ್ಯಮ ವರ್ಗದವರು ಹಳೆಯ ಪಿಯಾನೋ ಹುಡುಕುತ್ತಾರೆ. 200 ಕಿಲೋಗೂ ಹೆಚ್ಚು ತೂಗಬಲ್ಲ, 88 ಮನೆಗಳ ಆ ವಾದ್ಯ ರಾಯಚೂರಿನ ಬಿಸಿಲಿಗೂ ಇಲ್ಲಿನ ಮನೆಗಳಿಗೂ ಒಗ್ಗುವುದು ಕಷ್ಟ. ಇಲ್ಲಿ ಆ ಸ್ಥಾನ ಹಾರ್ಮೋನಿಯಂನದು, ಆಡುಮಾತಿನಲ್ಲಿ 'ಪೇಟಿ'.

ಪೇಟಿ ಈ ನೆಲದ್ದಲ್ಲ. ಮಾನ್ವಿಯ ಜಗನ್ನಾಥದಾಸರಾಗಲಿ (1728-1809), ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರಾಗಲಿ ಅದನ್ನು ಕಂಡವರಲ್ಲ. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆಂ 1842ರಲ್ಲಿ ಹಾರ್ಮೋನಿಯಂಗೆ ಪೇಟೆಂಟ್ ಪಡೆದ. ಕಾಲಿನಿಂದ ಗಾಳಿ ಊದುವ ಆ ವಾದ್ಯವನ್ನು ನೆಲದ ಮೇಲೆ ಕುಳಿತು ಕೈಯಿಂದ ನುಡಿಸುವಂತೆ ಮಾರ್ಪಡಿಸಿದವರಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ಪ್ರಮುಖರು. ಮುಂದೆ ಕಂಪನಿ ನಾಟಕ, ಭಜನೆ, ಕೀರ್ತನೆಗಳಿಗೆ ಅದು ಅನಿವಾರ್ಯವಾಯಿತು. ಸ್ವರದಿಂದ ಸ್ವರಕ್ಕೆ ಜಾರುವ ಗಮಕ ಅದರಲ್ಲಿ ಬಾರದೆಂಬ ಆಕ್ಷೇಪದಿಂದ ಆಕಾಶವಾಣಿ 1940ರಲ್ಲಿ ಅದಕ್ಕೆ ನಿಷೇಧ ಹೇರಿತ್ತು. ಆ ನಿಷೇಧ ಸಡಿಲವಾದದ್ದು 1970ರ ದಶಕದಲ್ಲಿ. ಆದರೆ ಜನರ ಮನೆಗಳಿಂದ ಪೇಟಿ ಹೊರಹೋಗಲಿಲ್ಲ.

ಆದ್ದರಿಂದಲೇ ಬಳಸಿದ ಪೇಟಿಗಳು ಇಂದಿಗೂ ಕೈ ಬದಲಾಯಿಸುತ್ತವೆ. ಹೊರಗಿನ ಹೊಳಪು ನೋಡಿ ಬೆಲೆ ಕಟ್ಟುವುದು ಸಾಮಾನ್ಯ ತಪ್ಪು. ಪೇಟಿಯ ಪ್ರಾಣ ಇರುವುದು ತಿದಿ ಮತ್ತು ಒಳಗಿನ ಹಿತ್ತಾಳೆಯ ರೀಡುಗಳಲ್ಲಿ.

ಮೊದಲು ತಿದಿಯ ಪರೀಕ್ಷೆ. ಮುಂಭಾಗದ ಗುಬಟುಗಳನ್ನೆಲ್ಲ ಒಳಕ್ಕೆ ತಳ್ಳಿ, ನಾಲ್ಕಾರು ಬಾರಿ ಗಾಳಿ ತುಂಬಬೇಕು. ಆಮೇಲೆ ತಿದಿ ಕೈಗೆ ಎದುರು ಒತ್ತಬೇಕು. ಸಲೀಸಾಗಿ ಕುಸಿದರೆ ಗಾಳಿ ಸೋರುತ್ತಿದೆ ಎಂದರ್ಥ. ನಂತರ ಗುಬಟು ಎಳೆದು, ಯಾವ ಮನೆಯನ್ನೂ ಒತ್ತದೆ ಗಾಳಿ ಹಾಕಬೇಕು. ತಾನಾಗಿ ಸ್ವರ ಹೊರಟರೆ ಮನೆಯ ಕೆಳಗಿನ ಮುಚ್ಚಳ ಸರಿಯಾಗಿ ಕೂತಿಲ್ಲ. ಇವೆರಡೂ ಬಹುಮಟ್ಟಿಗೆ ದುರಸ್ತಿಯಾಗುವ ದೋಷಗಳು.

ಎರಡನೆಯದು ಶ್ರುತಿ. ಮಂದ್ರ ಮತ್ತು ಮಧ್ಯ ಸಪ್ತಕದ ಒಂದೇ ಸ್ವರವನ್ನು ಜೊತೆಯಾಗಿ ನುಡಿಸಿದಾಗ ದನಿ ಅಲೆಅಲೆಯಾಗಿ ನಡುಗಿದರೆ ರೀಡು ಹದ ತಪ್ಪಿದೆ. ಮೊಬೈಲಿನ ಶ್ರುತಿಮಾಪಕದಿಂದಲೂ ನೋಡಬಹುದು. ರೀಡಿನ ತುದಿ ಕೆರೆದರೆ ಶ್ರುತಿ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಪದೇ ಪದೇ ಕೆರೆದು ತೆಳುವಾದ ರೀಡಿಗೆ ಆಯಸ್ಸು ಕಡಿಮೆ. ಮರ ಸೀಳಿದೆಯೇ, ಇಲಿ ಹುಳು ಹೊಕ್ಕಿವೆಯೇ ಎಂಬುದನ್ನು ಮೇಲ್ಮುಚ್ಚಳ ತೆಗೆಸಿಯೇ ನೋಡಬೇಕು. ತೆಗೆಯಲು ಒಪ್ಪದವರಲ್ಲಿ ಕೊಳ್ಳದಿರುವುದು ಲೇಸು.

ಬೆಲೆಯ ಲೆಕ್ಕ ಸರಳ. ಅದೇ ಬಗೆಯ ಹೊಸ ಪೇಟಿಯ ದರ ವಿಚಾರಿಸಿ, ಅದರಿಂದ ದುರಸ್ತಿಯ ಪೂರ್ಣ ಖರ್ಚು ಮತ್ತು ಸಾಗಾಟ ಕಳೆಯಬೇಕು. ಉಳಿದ ಮೊತ್ತದಲ್ಲಿ ಹಳತನಕ್ಕೆಂದು ಮತ್ತಷ್ಟು ಇಳಿಸಿದರೆ ನ್ಯಾಯದ ಬೆಲೆ ಸಿಗುತ್ತದೆ. ಸ್ಕೇಲ್ ಚೇಂಜರ್‌ನಂಥ ಸೌಕರ್ಯಕ್ಕೆ ಮಗುವಿನ ಹೆಸರಿನಲ್ಲಿ ಹಣ ತೆರಬೇಕಿಲ್ಲ. ಅದರಿಂದ ತೂಕವೂ ಹೆಚ್ಚು, ಕೆಡುವ ಭಾಗಗಳೂ ಹೆಚ್ಚು.

ಉಳಿತಾಯಕ್ಕಿಂತ ದೊಡ್ಡ ಪ್ರಶ್ನೆ ಮಗುವಿನ ಕಿವಿಯದು. ತಪ್ಪು ಶ್ರುತಿಯ ಪೇಟಿಯ ಜೊತೆ ದಿನವೂ ಹಾಡಿದ ಮಗು ಅದನ್ನೇ ಸರಿಯೆಂದು ನಂಬುತ್ತದೆ. ಸೋರುವ ತಿದಿ ಎಳೆಯ ಕೈಯನ್ನು ದಣಿಸುತ್ತದೆ. ಆಸಕ್ತಿ ಇಲ್ಲವೆಂಬ ಆರೋಪ ಮಾತ್ರ ಮಗುವಿನ ಮೇಲೆ. ರಾಯಚೂರಿನ ರಂಗಮಂದಿರ ಹಿಂದೂಸ್ತಾನಿ ಗಾಯಕ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರು ಹೊತ್ತಿದೆ. ಅಂಥ ಗಾಯಕರನ್ನು ಕೊಟ್ಟ ಜಿಲ್ಲೆಯಲ್ಲಿ ಪೇಟಿ ಕೊಳ್ಳುವ ಮುನ್ನ ಬಲ್ಲ ಗುರುವೊಬ್ಬರನ್ನು ಅಂಗಡಿಗೆ ಕರೆದೊಯ್ಯುವುದು ಕಷ್ಟದ ಮಾತಲ್ಲ.