ಶಂಷಾಬಾದಿನಿಂದ ಎಳೆದ ಗೆರೆ

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಬೀದರ್ ಎಷ್ಟು ದೂರ ಎಂದು ಕೇಳಿ ನೋಡಿ. ಉತ್ತರ ತಾಸಿನಲ್ಲಿ ಬರುತ್ತದೆ: ‘ಎರಡೂವರೆ ತಾಸು ರೀ, ಹುಮನಾಬಾದ್‌ನಾಗ ಚಾಕ್ ಇಳದ್ರ ಮೂರು.’ ಕಮಲಾಪುರ, ಹುಮನಾಬಾದ್ ದಾಟಿ ಹೋಗುವ ಈ ರಸ್ತೆ ಸುಮಾರು 115 ಕಿ.ಮೀ. ಆದರೆ ಎರಡೂ ಊರಿನ ವಿಮಾನ ನಿಲ್ದಾಣಗಳ ನಡುವೆ ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಅಂತರ 90 ಕಿ.ಮೀ.ಗೂ ಕಡಿಮೆ. ವಿಮಾನಕ್ಕೆ ಅದು ಇಪ್ಪತ್ತು ನಿಮಿಷದ ಹಾದಿ.

ಇಷ್ಟು ಹತ್ತಿರದಲ್ಲಿ ಎರಡು ನಿಲ್ದಾಣ ಯಾಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಹೈದರಾಬಾದಿಗೇ ಹೋಗಬೇಕು. 2008ರಲ್ಲಿ ಶಂಷಾಬಾದಿನ ಹೊಸ ವಿಮಾನ ನಿಲ್ದಾಣ ತೆರೆಯಿತು. ಅದನ್ನು ಕಟ್ಟಿದ ಜಿಎಂಆರ್ ಜತೆಗಿನ ಒಪ್ಪಂದದಲ್ಲಿ ಒಂದು ಷರತ್ತಿತ್ತು: 25 ವರ್ಷ, 150 ಕಿ.ಮೀ. ವೈಮಾನಿಕ ಅಂತರದೊಳಗೆ ಇನ್ನೊಂದು ನಾಗರಿಕ ವಿಮಾನ ನಿಲ್ದಾಣ ಬರಕೂಡದು. ಶಂಷಾಬಾದಿನಿಂದ ಬೀದರ್ ಸುಮಾರು 125 ಕಿ.ಮೀ., ಗೆರೆಯ ಒಳಗೆ. ಕಲಬುರಗಿಯ ನಿಲ್ದಾಣಕ್ಕೆ ಗೊತ್ತಾದ ಶ್ರೀನಿವಾಸ ಸರಡಗಿ 150 ದಾಟಿ ಸ್ವಲ್ಪವೇ ಆಚೆ.

ಬೀದರಿನಲ್ಲಿ ಇಲ್ಲದಿದ್ದುದು ರನ್‌ವೇ ಅಲ್ಲ. ವಾಯುಪಡೆಯ ತರಬೇತಿ ಕೇಂದ್ರ ಅಲ್ಲಿದೆ, ವೈಮಾನಿಕ ಕಸರತ್ತಿನ ಸೂರ್ಯಕಿರಣ ತಂಡದ ನೆಲೆಯೂ ಅದೇ. ದಿನವೂ ತಲೆಯ ಮೇಲೆ ವಿಮಾನ ಹಾರುವ ಊರಿನವರು ತಾವು ವಿಮಾನ ಹತ್ತಲು ಮಾತ್ರ ಹೈದರಾಬಾದಿಗೆ ಹೋಗಬೇಕಿತ್ತು. ಪ್ರಯಾಣಿಕರ ಟರ್ಮಿನಲ್ ಕಟ್ಟಿ ಮುಗಿಸಿದ ಮೇಲೂ ಅದು ವರ್ಷಗಟ್ಟಲೆ ಖಾಲಿ ಬಿದ್ದಿತ್ತು. ಕಾಗದದ ಮೇಲಿನ ಗೆರೆಯೊಂದು ಊರಿನ ಅಗತ್ಯಕ್ಕಿಂತ ದೊಡ್ಡದಾದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಗೆರೆಯ ಆಚೆ ಇದ್ದ ಕಲಬುರಗಿಗೂ ಬೇಗ ದಕ್ಕಲಿಲ್ಲ. 2008ರಲ್ಲಿ ಶಂಕುಸ್ಥಾಪನೆ ಮಾಡಿದ ಮುಖ್ಯಮಂತ್ರಿ ಯಡಿಯೂರಪ್ಪನವರೇ 2019ರ ನವೆಂಬರ್ 22ರಂದು ಉದ್ಘಾಟನೆಗೂ ಬಂದರು. ನಡುವಿನ 11 ವರ್ಷಗಳಲ್ಲಿ ಖಾಸಗಿ ಪಾಲುದಾರಿಕೆಯ ಯೋಜನೆ ಕುಂಟಿ, ಸರ್ಕಾರವೇ ಕೆಲಸ ಕೈಗೆತ್ತಿಕೊಳ್ಳಬೇಕಾಯಿತು. ಮೂರು ಕಿ.ಮೀ.ಗೂ ಉದ್ದದ ರನ್‌ವೇಗೆ ಮೊದಲು ಬಂದದ್ದು ಬೆಂಗಳೂರಿನಿಂದ ಸ್ಟಾರ್ ಏರ್. ಅಷ್ಟರಲ್ಲಿ ಬೀದರ್ ನಿಲ್ದಾಣಕ್ಕೆ ಜಿಎಂಆರ್ ಒಪ್ಪಿಗೆಯೂ ಸಿಕ್ಕಿತ್ತು. 2020ರ ಫೆಬ್ರುವರಿ 7ಕ್ಕೆ ಬೀದರಿಗೆ ಟ್ರೂಜೆಟ್ ಇಳಿಯಿತು. ಎರಡೂ ಸಣ್ಣ ಊರುಗಳ ವಿಮಾನಯಾನಕ್ಕೆಂದು ಕೇಂದ್ರ ತಂದ ಉಡಾನ್ ಯೋಜನೆಯ ಸಬ್ಸಿಡಿಯ ಬಲದಲ್ಲಿ ಬಂದವು. ಎರಡು ವರ್ಷದಲ್ಲಿ ಟ್ರೂಜೆಟ್ ಕಂಪನಿಯೇ ಹಾರಾಟ ನಿಲ್ಲಿಸಿತು. ಹೀಗೆ ಬರುವುದು, ನಿಲ್ಲುವುದು ಈ ಭಾಗದ ವಿಮಾನಗಳ ರೂಢಿಯಾಗಿದೆ.

ಕಲಬುರಗಿ, ಬೀದರ್ ನಡುವೆ ವಿಮಾನ ಯಾಕೆ ಹಾರುವುದಿಲ್ಲ ಎಂಬುದಕ್ಕೆ ದೊಡ್ಡ ಲೆಕ್ಕ ಬೇಕಿಲ್ಲ. ಸೂಪರ್ ಮಾರ್ಕೆಟ್‌ನಿಂದ ಸೇಡಂ ರಸ್ತೆ ಹಿಡಿದು ನಿಲ್ದಾಣ ಸೇರಲು ಅರ್ಧ ತಾಸು, ತಪಾಸಣೆಗೆಂದು ಮುಂಚೆ ಹೋಗಿ ಕೂರುವುದು ಒಂದು ತಾಸು, ಇಳಿದ ಮೇಲೆ ಬೀದರ್ ಊರೊಳಗೆ ಹೋಗುವುದು ಬೇರೆ. ಅಷ್ಟರಲ್ಲಿ ಬಸ್ ಹುಮನಾಬಾದ್ ದಾಟಿರುತ್ತದೆ. ದಾರಿಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣೂ ಸಿಗುತ್ತದೆ. ಭೌಗೋಳಿಕ ಸೂಚಿಕೆ ಪಡೆದ ಹಣ್ಣು, ಬೆಲೆಯೂ ಹಾಗೆಯೇ.

ಈ ಎರಡು ಊರುಗಳನ್ನು ನಿಜವಾಗಿ ಹತ್ತಿರ ತಂದದ್ದು 110 ಕಿ.ಮೀ. ರೈಲು ಹಳಿ. ತೊಂಬತ್ತರ ದಶಕದಲ್ಲಿ ಮಂಜೂರಾಗಿ, ಮರಗುತ್ತಿಯ ಬಳಿ ಗುಡ್ಡ ಕೊರೆದು, 2017ರ ಅಕ್ಟೋಬರ್ 29ರಂದು ಅದು ಪೂರ್ತಿ ತೆರೆಯಿತು. ವಿಮಾನ ಕಮಲಾಪುರದಲ್ಲಿ ಇಳಿಯುವುದಿಲ್ಲ; ಈ ಹಳಿಯ ಮೇಲೆ ಕಮಲಾಪುರಕ್ಕೂ ಒಂದು ನಿಲ್ದಾಣವಿದೆ.